ವೋಲ್ಟೇಜ್ ಹದಕ್ಕೆ ತಂದು ಯೂನಿಟ್ ಉಳಿಸುವುದು ಹೇಗೆ? ಮನೆಯ ಪ್ಲಗ್‌ನಿಂದ ಸಬ್‌ಸ್ಟೇಷನ್ ತನಕ

ನಮ್ಮ ಕಡೆ ವೋಲ್ಟೇಜ್ ಅಂದ ಕೂಡಲೇ ನೆನಪಾಗುವುದು ‘ಲೋ ವೋಲ್ಟೇಜ್’. ಬೇಸಿಗೆಯ ಸಂಜೆ ಫ್ಯಾನ್ ತೆವಳುತ್ತದೆ, ಪಂಪ್‌ಸೆಟ್ ನೀರು ಎತ್ತುವುದಿಲ್ಲ, ಮಿಕ್ಸರ್ ಗುರುಗುಟ್ಟುತ್ತದೆ. ಅದರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ವೋಲ್ಟೇಜ್ ಜಾಸ್ತಿ ಬಂದರೆ ಮಾತ್ರ ಯಾರೂ ದೂರುವುದಿಲ್ಲ. ಫ್ಯಾನ್ ಭರ್ರನೆ ತಿರುಗುತ್ತದೆ, ಇನ್ನೇನು ಬೇಕು ಅಲ್ವಾ? ಆದರೆ ಮೀಟರ್ ಕೂಡ ಸುಮ್ನೆ ಕೂತಿರುವುದಿಲ್ಲ.

ಬಿಸಿಯಾಗುವ ಕಾಯಿಲ್ ಇರುವ ಒಂದು ಉಪಕರಣ 250 ವೋಲ್ಟ್‌ನಲ್ಲಿ 1000 ವ್ಯಾಟ್ ಎಳೆಯುತ್ತದೆ ಎಂದುಕೊಳ್ಳಿ. ಅದೇ ಉಪಕರಣ 230 ವೋಲ್ಟ್‌ನಲ್ಲಿ ಎಳೆಯುವುದು ಸುಮಾರು 846 ವ್ಯಾಟ್. ವೋಲ್ಟೇಜ್ ಶೇ 8 ಇಳಿದರೆ ವಿದ್ಯುತ್ ಶೇ 15 ಇಳಿಯಿತು. ಎಲ್ಲ ಉಪಕರಣಗಳೂ ಹೀಗೆ ನಡೆದುಕೊಳ್ಳುವುದಿಲ್ಲ, ಅದನ್ನು ಮುಂದೆ ನೋಡೋಣ. ಆದರೂ ಇಡೀ ಬಡಾವಣೆ, ಇಡೀ ಫೀಡರ್ (ಸಬ್‌ಸ್ಟೇಷನ್‌ನಿಂದ ಹೊರಡುವ ಲೈನ್) ಲೆಕ್ಕಕ್ಕೆ ತೆಗೆದುಕೊಂಡರೆ ಉಳಿತಾಯ ನಿಜವಾಗಿಯೂ ಇದೆ. ಇದಕ್ಕೆ ಎಂಜಿನಿಯರ್‌ಗಳು ‘ಕನ್ಸರ್ವೇಷನ್ ವೋಲ್ಟೇಜ್ ರಿಡಕ್ಷನ್’, ಚಿಕ್ಕದಾಗಿ ಸಿವಿಆರ್ ಅನ್ನುತ್ತಾರೆ. ಅಮೆರಿಕದಲ್ಲಿ 1973ರ ತೈಲ ಬಿಕ್ಕಟ್ಟಿನ ಕಾಲದಲ್ಲೇ ಇದರ ಪ್ರಯೋಗ ನಡೆದಿತ್ತು. ಅಲ್ಲಿನ ಪೆಸಿಫಿಕ್ ನಾರ್ತ್‌ವೆಸ್ಟ್ ನ್ಯಾಷನಲ್ ಲ್ಯಾಬೊರೇಟರಿ 2010ರಲ್ಲಿ ಒಂದು ಲೆಕ್ಕ ಹಾಕಿತು. ದೇಶದ ಎಲ್ಲ ವಿತರಣಾ ಫೀಡರ್‌ಗಳಲ್ಲೂ ಇದನ್ನು ಅಳವಡಿಸಿದರೆ ವರ್ಷದ ವಿದ್ಯುತ್ ಬಳಕೆ ಶೇ 3.04ರಷ್ಟು ತಗ್ಗುತ್ತದೆ ಎಂದು ಅದು ಹೇಳಿತು. ಅದರಲ್ಲೂ ತಕ್ಕ ಫೀಡರ್‌ಗಳನ್ನು ಆರಿಸಿಕೊಂಡು ಶೇ 40ರಲ್ಲಿ ಮಾತ್ರ ಮಾಡಿದರೂ ಶೇ 2.4 ಸಿಗುತ್ತದೆ. ಅಂದರೆ ಎಲ್ಲ ಕಡೆ ಮಾಡುವುದಕ್ಕಿಂತ ಎಲ್ಲಿ ಮಾಡಬೇಕು ಅಂತ ಗೊತ್ತಿರುವುದು ಮುಖ್ಯ.

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯಲ್ಲಿ ಇದನ್ನು ಮಾಡಲು ಹೊರಟವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಲೈನಿನ ಕೊನೆಯ ಮನೆಯ ವೋಲ್ಟೇಜ್ ಸರಿಯಾಗುವ ತನಕ ಮೊದಲ ಮನೆಯ ವೋಲ್ಟೇಜ್ ಇಳಿಸುವಂತಿಲ್ಲ. ಮಲಪ್ರಭಾ ಕಾಲುವೆಯ ಟೇಲ್ ಎಂಡ್ ರೈತರ ಗೋಳು ನವಲಗುಂದದವರಿಗೆ ಹೊಸದಲ್ಲ. ಮೇಲಿನವರಿಗೆ ಹರಿದು ಮಿಕ್ಕಿದ್ದು ಕೊನೆಯವರಿಗೆ. ಕರೆಂಟಿನ ಕಥೆಯೂ ಅಷ್ಟೇ.

ಮೊದಲು 250ರ ಗುಟ್ಟು

ಊರಿನ ಟಿಸಿ, ಅಂದರೆ ಬೀದಿಯ ಟ್ರಾನ್ಸ್‌ಫಾರ್ಮರ್, 11,000 ವೋಲ್ಟ್ ತೆಗೆದುಕೊಂಡು 433 ವೋಲ್ಟ್ ಕೊಡುವಂತೆ ತಯಾರಾಗಿರುತ್ತದೆ. ಕರೆಂಟ್ ತರುವ ಮೂರು ತಂತಿಗಳೇ ಫೇಸ್‌ಗಳು, ವಾಪಸ್ ಹೋಗುವ ತಂತಿ ನ್ಯೂಟ್ರಲ್. 433 ಎರಡು ಫೇಸ್‌ಗಳ ನಡುವಿನ ಲೆಕ್ಕ. ಒಂದು ಫೇಸ್ ಮತ್ತು ನ್ಯೂಟ್ರಲ್ ನಡುವೆ ಅಳೆದರೆ ಅದು 250. ನಮ್ಮ ಉಪಕರಣಗಳ ಮೇಲೆ ಬರೆದಿರುವುದು 230. ಹಾಗಾದರೆ 20 ವೋಲ್ಟ್ ಜಾಸ್ತಿ ಯಾಕೆ? ಟಿಸಿಯಿಂದ ಕೊನೆಯ ಮನೆ ತಲುಪುವಷ್ಟರಲ್ಲಿ ತಂತಿಯಲ್ಲಿ ವೋಲ್ಟೇಜ್ ಕುಸಿಯುತ್ತದೆ, ಅದಕ್ಕಾಗಿ ಮೊದಲೇ ಸೇರಿಸಿಟ್ಟ ಪಾಲು ಅದು. ಲೋಡ್ ಇರುವಾಗ ಈ ಲೆಕ್ಕ ಸರಿ. ರಾತ್ರಿ 2 ಗಂಟೆಗೆ ಎಲ್ಲರೂ ಮಲಗಿದಾಗ ಕುಸಿತವೇ ಇರುವುದಿಲ್ಲ. ಆಗ ಟಿಸಿ ಪಕ್ಕದ ಮನೆಗೆ ಹೆಚ್ಚೂಕಡಿಮೆ 250 ಹಾಗೇ ಬರುತ್ತದೆ. 11 ಕೆವಿ ಲೈನಿನಲ್ಲೇ 11.3 ಕೆವಿ ಇದ್ದರೆ 257ರ ತನಕ ಹೋಗುತ್ತದೆ. ಮಳೆಗಾಲದಲ್ಲಿ ಪಂಪ್‌ಸೆಟ್‌ಗಳು ನಿಂತಾಗಲೂ ಇದೇ ಆಗುವುದು.

ನಿಯಮದ ಪ್ರಕಾರ 230 ಹಿಡಿದರೆ ಶೇ 6 ಆಚೀಚೆ ಇರಬಹುದು, ಅಂದರೆ ಸುಮಾರು 216ರಿಂದ 244. ಈ ಪಟ್ಟಿಯ ಮೇಲಿನ ಅಂಚಿಗೆ ಅಂಟಿಕೊಂಡು ಕರೆಂಟ್ ಕೊಡುವ ಬದಲು ಕೆಳಗಿನ ಅರ್ಧದಲ್ಲಿ, 220–230ರ ಸುತ್ತ, ಹಿಡಿದು ನಿಲ್ಲಿಸುವುದೇ ನಮ್ಮ ಕೆಲಸ. ನಿಯಮ ಮೀರುವುದೂ ಇಲ್ಲ, ಯಾರ ಮನೆಯ ದೀಪ ಮಂಕಾಗುವುದೂ ಇಲ್ಲ.

ಹಂತ 1: ಅಳೆಯಿರಿ, ಎರಡು ಕಡೆ ಅಳೆಯಿರಿ

ಒಂದು ಡಿಜಿಟಲ್ ಮಲ್ಟಿಮೀಟರ್ ಸಾಕು. ಪ್ಲಗ್‌ಗೆ ಚುಚ್ಚಿಬಿಟ್ಟರೆ ವೋಲ್ಟ್ ತೋರಿಸುತ್ತಾ ಕೂರುವ ಚಿಕ್ಕ ಮೀಟರ್ ಸಿಕ್ಕರೆ ಇನ್ನೂ ಸುಲಭ, ಪದೇಪದೇ ಕಡ್ಡಿ ಇಡುವ ಗೊಡವೆ ಇಲ್ಲ. ಮಲ್ಟಿಮೀಟರ್ ಬಳಸುವವರು ಕೆಂಪು ವೈರ್ ವೋಲ್ಟ್ ಅಳೆಯುವ ತೂತಿನಲ್ಲೇ ಇದೆಯಾ ನೋಡಿಕೊಳ್ಳಿ. ಆಂಪಿಯರ್ ತೂತಿನಲ್ಲಿಟ್ಟು ಪ್ಲಗ್‌ಗೆ ಕಡ್ಡಿ ಚುಚ್ಚಿದರೆ ನೇರ ಶಾರ್ಟ್. ತಿರುಗಿಸುವ ಗುಂಡಿ ಎಸಿ ವೋಲ್ಟ್‌ನ ದೊಡ್ಡ ರೇಂಜ್‌ನಲ್ಲಿರಲಿ. ಕೈ ಒದ್ದೆ ಇದ್ದರೆ ಬೇಡವೇ ಬೇಡ.

ಎಲ್ಲಿ ಅಳೆಯಬೇಕು? ಒಂದು, ಟಿಸಿಗೆ ತೀರಾ ಹತ್ತಿರದ ಮನೆ. ಇನ್ನೊಂದು, ಅದೇ ಟಿಸಿಯ ಅದೇ ಫೇಸ್‌ನಲ್ಲಿರುವ ಕೊನೆಯ ಮನೆ. ಬರೀ ನಿಮ್ಮ ಮನೆಯಲ್ಲಿ ಅಳೆದರೆ ಅರ್ಧ ಕಥೆ ಮಾತ್ರ ಗೊತ್ತಾಗುತ್ತದೆ. ಬಡಾವಣೆಯ ಸಂಘ ಇದ್ದರೆ ಇದು ಸಲೀಸು. ಇಲ್ಲದಿದ್ದರೆ ಕೊನೆಯ ಮನೆಯವರಿಗೆ “ಅಕ್ಕಾರ, ನಿಮ್ಮ ಪ್ಲಗ್‌ನ್ಯಾಗ ಎಷ್ಟು ತೋರಸ್ತದ ಸ್ವಲ್ಪ ನೋಡಿ ಹೇಳ್ರಿ” ಅಂದು ಮೀಟರ್ ಕೊಟ್ಟರೆ ಯಾರೂ ಇಲ್ಲ ಅನ್ನುವುದಿಲ್ಲ. ಲೋ ವೋಲ್ಟೇಜ್‌ನಿಂದ ಬೇಸತ್ತವರು ಅವರೇ.

ಯಾವಾಗ? ಬೆಳಗಿನ 5 ಗಂಟೆ ಹೊತ್ತಿಗೆ, ಮಧ್ಯಾಹ್ನ 1ರ ಸುಮಾರಿಗೆ, ರಾತ್ರಿ 8ಕ್ಕೆ. ವಾರದ ದಿನವೂ ಇರಲಿ, ಭಾನುವಾರವೂ ಇರಲಿ. ಸಾಧ್ಯವಾದರೆ ಏಪ್ರಿಲ್‌ನಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ. ಪ್ರತಿ ಸಲವೂ ಸಮಯ, ಜಾಗ, ವೋಲ್ಟ್ ಮೂರನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ‘ಸಂಜೆ ತುಂಬಾ ಕಮ್ಮಿ ಇತ್ತು’ ಅನ್ನುವ ಮಾತಿಗೆ ಈ ಭಾಗಕ್ಕೆ ಕರೆಂಟ್ ಕೊಡುವ ಹೆಸ್ಕಾಂನ ಸೆಕ್ಷನ್ ಆಫೀಸಿನಲ್ಲಿ ಕಿಮ್ಮತ್ತಿಲ್ಲ. ‘ರಾತ್ರಿ 8ಕ್ಕೆ 217’ ಅನ್ನುವುದಕ್ಕೆ ಇದೆ.

ಬೆಟಗೇರಿಯ ಒಂದು ಹಿಟ್ಟಿನ ಗಿರಣಿಯಲ್ಲಿ ಹಳೇ ಕಾಲದ ಮುಳ್ಳಿನ ವೋಲ್ಟ್‌ಮೀಟರ್ ಇದೆ. ಗಾಜಿನ ಮೇಲೆ ಹಿಟ್ಟು ಕೂತು ಅಂಕಿ ಅರ್ಧ ಕಾಣುವುದಿಲ್ಲ. ಗಿರಣಿಯ ಯಜಮಾನರು ಅದನ್ನು ನೋಡುವುದೂ ಇಲ್ಲ, ಕಿವಿಯೇ ಸಾಕು. “ಮುಂಜಾನೆ ಮೋಟರ್ ಗುಂಯ್ ಅಂತತ್ರಿ, ಬಿಸಿ ಆಗತತಿ. ಸಂಜಿಮುಂದ ತೇಕತತಿ. ನಡುವ ಮಧ್ಯಾಹ್ನ ಛಲೋ ಓಡತತ್ರಿ” ಅಂದರು. ಬಟ್ಟೆಯಿಂದ ಗಾಜು ಒರೆಸಿ ನೋಡಿದರೆ ಮುಂಜಾನೆ ಮುಳ್ಳು 440ಕ್ಕೆ ತಾಗುತ್ತಿತ್ತು. ಮೂರು ಫೇಸ್‌ನಲ್ಲಿ ಇರಬೇಕಾದದ್ದು 400ರ ಸುತ್ತ. ಮೋಟರ್ ಖಾಲಿ ಓಡುವಾಗಲೂ ಗುಂಯ್‌ಗುಟ್ಟುವುದಕ್ಕೆ ಕಾರಣ ಇದೆ. ವೋಲ್ಟೇಜ್ ಹದ ಮೀರಿದಾಗ ಒಳಗಿನ ಕಬ್ಬಿಣದ ಪಟ್ಟಿಗಳು ಕಾಂತಬಲದಿಂದ ತುಂಬಿಹೋಗುತ್ತವೆ. ಅಲ್ಲಿಂದ ಮುಂದೆ ವೋಲ್ಟೇಜ್ ಸ್ವಲ್ಪ ಏರಿದರೂ ಮೋಟರ್ ಎಳೆಯುವ ಕರೆಂಟ್ ಬಹಳ ಏರುತ್ತದೆ. ಆ ಕರೆಂಟಿನಿಂದ ಒಂದು ಕಾಳೂ ಹೆಚ್ಚು ಬೀಸುವುದಿಲ್ಲ. ಬರೀ ಬಿಸಿ ಮತ್ತು ಸದ್ದು.

ಹಂತ 2: ಅಂಕಿ ಏನು ಹೇಳುತ್ತದೆ?

ಒಂದು ಬಡಾವಣೆಯಲ್ಲಿ ಹೀಗೆ ಬಂತು ಎಂದುಕೊಳ್ಳಿ. ಟಿಸಿ ಪಕ್ಕದ ಮನೆ: ಬೆಳಗ್ಗೆ 254, ಮಧ್ಯಾಹ್ನ 247, ರಾತ್ರಿ 240. ಕೊನೆಯ ಮನೆ: ಬೆಳಗ್ಗೆ 250, ಮಧ್ಯಾಹ್ನ 236, ರಾತ್ರಿ 217.

ಇದನ್ನು ನೋಡಿ ‘ವೋಲ್ಟೇಜ್ ಇಳಿಸಿಬಿಡೋಣ’ ಅಂದರೆ ರಾತ್ರಿ ಕೊನೆಯ ಮನೆ 216ಕ್ಕಿಂತ ಕೆಳಗೆ ಬೀಳುತ್ತದೆ. ‘ಕೊನೆಯ ಮನೆಗೆ ಕಮ್ಮಿ ಆಯ್ತು, ಏರಿಸಿಬಿಡೋಣ’ ಅಂದರೆ ಮೊದಲ ಮನೆ ಬೆಳಗ್ಗೆ 260 ದಾಟುತ್ತದೆ. ಎರಡೂ ತಪ್ಪು. ನೋಡಬೇಕಾದ ಅಂಕಿ ರಾತ್ರಿ 8ರ ಅಂತರ: 240ರಲ್ಲಿ 217 ಕಳೆದರೆ 23 ವೋಲ್ಟ್. ಒಂದೇ ಟಿಸಿಯ ಕೆಳಗೆ ಇಷ್ಟು ಕುಸಿತ ಇದ್ದರೆ ದೋಷ ವೋಲ್ಟೇಜಿನದಲ್ಲ, ತಂತಿ, ಜಾಯಿಂಟ್ ಅಥವಾ ಫೇಸ್ ಹಂಚಿಕೆಯದು.

ಇನ್ನೊಂದು ಥರದ ಅಂಕಿ ಬಂದರೆ ಈ ಲೇಖನ ಪಕ್ಕಕ್ಕಿಟ್ಟು ತಕ್ಷಣ 1912ಕ್ಕೆ ಫೋನ್ ಮಾಡಿ. ನಿಮ್ಮ ಮನೆಯಲ್ಲಿ 160, ಪಕ್ಕದ ಮನೆಯಲ್ಲಿ 290, ಒಂದು ಮನೆಯ ದೀಪ ಮಂಕಾದಾಗ ಇನ್ನೊಂದರದ್ದು ಉರಿದು ಬೀಳುತ್ತದೆ. ಇದು ನ್ಯೂಟ್ರಲ್ ಕಡಿದದ್ದರ ಗುರುತು. ಮೇನ್ ಸ್ವಿಚ್ ಇಳಿಸಿ, ಅಕ್ಕಪಕ್ಕದವರಿಗೂ ಇಳಿಸಲು ಹೇಳಿ. ಟಿವಿ, ಫ್ರಿಜ್ ಸುಡುವುದು ಬಹುತೇಕ ಇಂಥ ಹೊತ್ತಿನಲ್ಲೇ.

ಹಂತ 3: ಯಾವ ಉಪಕರಣಕ್ಕೆ ಲಾಭ, ಯಾವುದಕ್ಕೆ ಇಲ್ಲ

ಕರೆಂಟ್ ಉಳಿಸುವ ಸಾಧನ ಮಾರುವವರು ಈ ಭಾಗ ನುಂಗಿಬಿಡುತ್ತಾರೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹಳೇ ಥರದ ಸೀಲಿಂಗ್ ಫ್ಯಾನ್‌ಗೆ ಲಾಭ ಇದೆ. ವೋಲ್ಟೇಜ್ ಇಳಿದರೆ ವೇಗ ಸ್ವಲ್ಪ ತಗ್ಗುತ್ತದೆ, ವ್ಯಾಟ್ ಅದಕ್ಕಿಂತ ಜಾಸ್ತಿ ತಗ್ಗುತ್ತದೆ. ಇಡೀ ದಿನ ಓಡುವ ಉಪಕರಣ ಆದ್ದರಿಂದ ಮನೆಯ ಉಳಿತಾಯದಲ್ಲಿ ಇದರದು ದೊಡ್ಡ ಪಾಲು. ಫ್ರಿಜ್‌ನ ಕಂಪ್ರೆಸರ್, ನೀರೆತ್ತುವ ಮೋಟರ್ ಇವುಗಳಿಗೆ 250ರಿಂದ 230ಕ್ಕೆ ಬಂದಾಗ ಒಳಗಿನ ವ್ಯರ್ಥ ಬಿಸಿ ಕಡಿಮೆಯಾಗುತ್ತದೆ. ಟಿಸಿಗೂ ಹಾಗೇ. ಲೋಡ್ ಇರಲಿ ಬಿಡಲಿ, ಅದರ ಕಬ್ಬಿಣದಲ್ಲಿ ಒಂದಿಷ್ಟು ವಿದ್ಯುತ್ ಹಗಲೂ ರಾತ್ರಿ ಪೋಲಾಗುತ್ತಿರುತ್ತದೆ. ವೋಲ್ಟೇಜ್ ಇಳಿದರೆ ಆ ಪೋಲೂ ಇಳಿಯುತ್ತದೆ.

ಗೀಸರ್‌ಗೆ ಲಾಭ ಇಲ್ಲ. ಥರ್ಮೋಸ್ಟಾಟ್ ನೀರು ಕಾಯುವ ತನಕ ಬಿಡುವುದಿಲ್ಲ. ವ್ಯಾಟ್ ಕಡಿಮೆಯಾದರೆ ಹೊತ್ತು ಜಾಸ್ತಿಯಾಗುತ್ತದೆ, ಯೂನಿಟ್ ಅಷ್ಟೇ. ಬಕೆಟ್‌ಗೆ ಇಳಿಬಿಡುವ ಹೀಟರ್ ರಾಡ್‌ಗೆ ಥರ್ಮೋಸ್ಟಾಟ್ ಇಲ್ಲ, ಆದರೆ ಬೆರಳದ್ದಿ ನೋಡುವ ನಾವೇ ಅದರ ಥರ್ಮೋಸ್ಟಾಟ್! ಇಸ್ತ್ರಿ ಪೆಟ್ಟಿಗೆಯೂ ಇದೇ ಸಾಲಿನದು.

ಎಲ್‌ಇಡಿ ಬಲ್ಬ್, ಟಿವಿ, ಮೊಬೈಲ್ ಚಾರ್ಜರ್, ಕಂಪ್ಯೂಟರ್, ಇನ್ವರ್ಟರ್ ಎಸಿ, ಎಲೆಕ್ಟ್ರಾನಿಕ್ ನಿಯಂತ್ರಣದ ಬಿಎಲ್‌ಡಿಸಿ ಫ್ಯಾನ್ ಇವೆಲ್ಲ ತಮಗೆ ಬೇಕಾದಷ್ಟನ್ನು ಎಳೆದೇ ತೀರುತ್ತವೆ. ವೋಲ್ಟೇಜ್ ಇಳಿಸಿದರೆ ಕರೆಂಟ್ ಸ್ವಲ್ಪ ಜಾಸ್ತಿ ಎಳೆಯುತ್ತವೆ, ತಂತಿಯ ನಷ್ಟ ಚೂರು ಏರುತ್ತದೆ. 2015ರಲ್ಲಿ ಉಜಾಲಾ ಯೋಜನೆ ಬಂದ ಮೇಲೆ ಹಳ್ಳಿಹಳ್ಳಿಯ ಬುರುಡೆ ಬಲ್ಬ್‌ಗಳು ಹೋಗಿ ಎಲ್‌ಇಡಿ ಬಂದವು. ಒಳ್ಳೆಯದೇ ಆಯಿತು. ಸಿವಿಆರ್‌ನ ಲಾಭ ಮಾತ್ರ ಅಷ್ಟರಮಟ್ಟಿಗೆ ಕಡಿಮೆಯಾಯಿತು.

ಈ ಎಲ್ಲವನ್ನೂ ಒಟ್ಟು ಸೇರಿಸಿ ಎಂಜಿನಿಯರ್‌ಗಳು ಒಂದು ಅಂಕಿ ಹೇಳುತ್ತಾರೆ, ಸಿವಿಆರ್ ಫ್ಯಾಕ್ಟರ್ ಅಂತ. ವೋಲ್ಟೇಜ್ ಶೇ 1 ಇಳಿಸಿದಾಗ ಯೂನಿಟ್ ಶೇ 0.7 ಇಳಿದರೆ ಫ್ಯಾಕ್ಟರ್ 0.7. ಫ್ಯಾನ್, ಮೋಟರ್ ಜಾಸ್ತಿ ಇರುವ ಕಡೆ ಇದು ಮೇಲೆ, ಎಲೆಕ್ಟ್ರಾನಿಕ್ಸ್ ಜಾಸ್ತಿ ಇರುವ ಕಡೆ ಕೆಳಗೆ. ‘ನಿಮ್ಮ ಬಿಲ್ ಶೇ 30 ಇಳಿಸುತ್ತೇವೆ’ ಅನ್ನುವವರು ಬಂದರೆ ಈ ಅಂಕಿ ಕೇಳಿ ನೋಡಿ.

ಪ್ಲಗ್‌ಗೆ ಚುಚ್ಚುವ ‘ಪವರ್ ಸೇವರ್’ ಡಬ್ಬಿ ಇದಲ್ಲ, ಅದನ್ನು ಕೊಳ್ಳಬೇಡಿ. ಒಳಗೆ ಇರುವುದು ಸಾಮಾನ್ಯವಾಗಿ ಒಂದು ಕೆಪ್ಯಾಸಿಟರ್, ಒಂದು ಮಿಣುಕು ದೀಪ. ಮನೆಯ ಬಿಲ್ ಆಗುವುದು ಯೂನಿಟ್ ಮೇಲೆ. ಆ ಡಬ್ಬಿ ಯೂನಿಟ್ ಇಳಿಸುವುದಿಲ್ಲ.

ಹಂತ 4: ಮೊದಲು ಕೊನೆಯ ಮನೆ ಎತ್ತಿ

ನಮ್ಮ ಉದಾಹರಣೆಯ 23 ವೋಲ್ಟ್ ಕುಸಿತಕ್ಕೆ ಬರೋಣ. ಬಹಳ ಸಲ ಇದಕ್ಕೆ ಕಾರಣ ಫೇಸ್ ಹಂಚಿಕೆ. ಹೊಸ ಮನೆ ಕಟ್ಟಿದಾಗಲೆಲ್ಲ ಕೈಗೆ ಸಿಕ್ಕ ತಂತಿಗೆ ಸರ್ವಿಸ್ ವೈರ್ ಕಟ್ಟಿರುತ್ತಾರೆ. ಮೂರು ಫೇಸ್‌ಗಳಿಗೆ ಆರ್, ವೈ, ಬಿ ಎಂದು ಹೆಸರು. ಹತ್ತು ವರ್ಷದಲ್ಲಿ ಆರ್ ಫೇಸ್ ಮೇಲೆ ಮನೆಗಳ ಸಾಲೇ ಬಿದ್ದಿರುತ್ತದೆ, ವೈ ಫೇಸ್ ಆರಾಮಾಗಿರುತ್ತದೆ. ಮೂರೂ ಫೇಸ್ ಸಮ ಇದ್ದರೆ ನ್ಯೂಟ್ರಲ್‌ನಲ್ಲಿ ಕರೆಂಟ್ ಹೆಚ್ಚೂಕಡಿಮೆ ಇರುವುದಿಲ್ಲ. ಒಂದೇ ಫೇಸ್ ಮೇಲೆ ಹೊರೆ ಬಿದ್ದರೆ ಹೋಗುವ ತಂತಿಯಲ್ಲೂ ಕುಸಿತ, ಬರುವ ನ್ಯೂಟ್ರಲ್‌ನಲ್ಲೂ ಕುಸಿತ. ಎರಡೂ ಕೂಡಿ ಕೊನೆಯ ಮನೆಯ ಮೇಲೆ ಬೀಳುತ್ತದೆ. ಕೆಲವು ಮನೆಗಳನ್ನು ಒಂದು ಫೇಸ್‌ನಿಂದ ಇನ್ನೊಂದಕ್ಕೆ ಬದಲಾಯಿಸುವುದು ಲೈನ್‌ಮನ್‌ಗೆ ಒಂದು ಮಧ್ಯಾಹ್ನದ ಕೆಲಸ. ಸಾಮಾನು ಕೂಡ ಹೆಚ್ಚು ಬೇಕಿಲ್ಲ.

ಎರಡನೆಯದು ಜಾಯಿಂಟ್. ಕಂಬದ ಮೇಲೆ ಅಲ್ಯೂಮಿನಿಯಂ ತಂತಿಗೆ ತಾಮ್ರದ ವೈರ್ ಸುಮ್ನೆ ಸುತ್ತಿದ್ದರೆ ಒಂದೆರಡು ಮಳೆಗಾಲದಲ್ಲಿ ಅಲ್ಲಿ ಕಪ್ಪು-ಬಿಳಿ ಪುಡಿ ಕಟ್ಟುತ್ತದೆ. ಲೋಡ್ ಬಿದ್ದಾಗ ರಾತ್ರಿ ಕಿಡಿ ಕಾಣುತ್ತದೆ. ಆ ಒಂದು ಜಾಯಿಂಟ್‌ನಲ್ಲಿ ಅರ್ಧ ಓಮ್ ತಡೆ ಇದ್ದರೆ, 20 ಆಂಪಿಯರ್ ಹರಿದಾಗ 10 ವೋಲ್ಟ್ ಅಲ್ಲೇ ಹೋಯಿತು. ಜೊತೆಗೆ 200 ವ್ಯಾಟ್ ಬಿಸಿ. ಸರಿಯಾದ ಕ್ಲ್ಯಾಂಪ್ ಹಾಕಿಸಿ. ಕಂಬದ ಆಚೆಯದು ಲೈನ್‌ಮನ್ ಕೆಲಸ. ಮೀಟರ್‌ನಿಂದ ಒಳಗಿನದು ನಿಮ್ಮ ವೈರ್‌ಮನ್ ಕೆಲಸ. ಮೀಟರ್ ಬಳಿ ಒಂದು ಅಳತೆ, ದೂರದ ಕೋಣೆಯ ಪ್ಲಗ್‌ನಲ್ಲಿ ಗೀಸರ್ ಹಚ್ಚಿ ಒಂದು ಅಳತೆ ಮಾಡಿದರೆ ದೋಷ ಯಾರ ಕಡೆ ಇದೆ ಅಂತ ಗೊತ್ತಾಗುತ್ತದೆ.

ಇವೆರಡೂ ಮುಗಿದ ಮೇಲೂ ಕುಸಿತ ಇದ್ದರೆ ದಪ್ಪ ತಂತಿ ಅಥವಾ ಹೊಸ ಟಿಸಿ ಬೇಕು. ಅದು ಖರ್ಚಿನ ಬಾಬತ್ತು, ಕಾಯಬೇಕಾಗುತ್ತದೆ.

ಹಂತ 5: ಟಿಸಿಯ ಟ್ಯಾಪ್ ಬದಲಾಯಿಸಲು ಅರ್ಜಿ

ಫೇಸ್ ಸಮ ಮಾಡಿ, ಜಾಯಿಂಟ್ ಸರಿಪಡಿಸಿದ ಮೇಲೆ ರಾತ್ರಿಯ ಅಂತರ 23ರಿಂದ 12ಕ್ಕೆ ಇಳಿಯಿತು ಎಂದುಕೊಳ್ಳೋಣ. ಈಗ ಮೊದಲ ಮನೆ 240, ಕೊನೆಯದು 228. ಈಗ ಇಳಿಸಲು ಜಾಗ ಸಿಕ್ಕಿತು.

100 ಕೆವಿಎ (ಟಿಸಿಯ ಸಾಮರ್ಥ್ಯದ ಅಳತೆ) ಮೇಲಿನ ಟಿಸಿಗಳಿಗೆ ಸಾಮಾನ್ಯವಾಗಿ ಹೊರಬರುವ ವೋಲ್ಟೇಜ್ ಏರಿಸಿ ಇಳಿಸುವ ಟ್ಯಾಪ್ ಸ್ವಿಚ್ ಇರುತ್ತದೆ, ಒಂದೊಂದು ಹೆಜ್ಜೆ ಶೇ 2.5. ಚಿಕ್ಕ 25, 63 ಕೆವಿಎ ಟಿಸಿಗಳಲ್ಲಿ ಬಹುತೇಕ ಇರುವುದಿಲ್ಲ, ಅಲ್ಲಿ ಏನು ಮಾಡಿದರೂ ಸಬ್‌ಸ್ಟೇಷನ್‌ನಿಂದಲೇ ಆಗಬೇಕು. ಟ್ಯಾಪ್ ಒಂದು ಹೆಜ್ಜೆ ಬದಲಾಯಿಸಿದರೆ ರಾತ್ರಿ ಮೊದಲ ಮನೆ 234, ಕೊನೆಯದು 222. ಬೆಳಗಿನ 254 ಇಳಿದು 248. ಇನ್ನೊಂದು ಹೆಜ್ಜೆ ಇಳಿಸಿದರೆ? ಕೊನೆಯ ಮನೆ 217ಕ್ಕೆ ಬರುತ್ತದೆ, ಅಂಚಿನಲ್ಲಿ ನಿಂತ ಹಾಗೆ. ಒಂದೇ ಹೆಜ್ಜೆಗೆ ನಿಲ್ಲಿಸುವುದು ಜಾಣತನ.

ಉಳಿತಾಯ ಎಷ್ಟು? 200 ಮನೆ, ಮನೆಗೆ ತಿಂಗಳಿಗೆ 100 ಯೂನಿಟ್, ಒಟ್ಟು 20,000. ವೋಲ್ಟೇಜ್ ಶೇ 2.4 ಇಳಿಯಿತು, ಫ್ಯಾಕ್ಟರ್ 0.7 ಹಿಡಿದರೆ ಶೇ 1.7. ತಿಂಗಳಿಗೆ ಸುಮಾರು 340 ಯೂನಿಟ್. ಒಂದು ಮನೆಗೆ ಹಂಚಿದರೆ ಎರಡು ಯೂನಿಟ್ ಕೂಡ ಬರುವುದಿಲ್ಲ, ಅದಕ್ಕೇ ಯಾರಿಗೂ ಆಸಕ್ತಿ ಇಲ್ಲ. ಆದರೆ ಇದಕ್ಕೆ ಹಾಕಿದ ದುಡ್ಡು ಎಷ್ಟು? ಹೆಚ್ಚೂಕಡಿಮೆ ಏನೂ ಇಲ್ಲ. ಫೇಸ್ ಸಮ ಮಾಡಿದ್ದರಿಂದ ತಂತಿಯಲ್ಲಿ ಉಳಿದದ್ದು ಬೇರೆ. ಗೃಹಜ್ಯೋತಿಯಲ್ಲಿ 2022–23ರ ಸರಾಸರಿಗೆ ಸ್ವಲ್ಪ ಸೇರಿಸಿದ ಮಿತಿ, ಗರಿಷ್ಠ 200 ಯೂನಿಟ್. ಮಿತಿಯ ಅಂಚಿನಲ್ಲಿ ತಿಂಗಳು ತಿಂಗಳು ತೂಗಾಡುವ ಮನೆಗೆ ಆ ಎರಡು ಯೂನಿಟ್ ಕೂಡ ಲೆಕ್ಕಕ್ಕೆ ಬರುತ್ತದೆ. 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಲ್ಲ.

ಅರ್ಜಿ ಚಿಕ್ಕದಿರಲಿ, ಅಂಕಿ ಇರಲಿ. ಸೆಕ್ಷನ್ ಆಫೀಸರ್‌ಗೆ ಹೀಗೆ ಬರೆಯಬಹುದು: “ಮಾನ್ಯರೇ, ನಮ್ಮ ಬಡಾವಣೆಯ ಟಿಸಿ (ಕಂಬದ ಮೇಲೆ ಬರೆದ ನಂಬರ್) ಕೆಳಗಿನ ಮನೆಗಳಲ್ಲಿ ಬೆಳಗಿನ ಜಾವ 254 ವೋಲ್ಟ್ ತನಕ ಬರುತ್ತಿದೆ. ಟಿಸಿ ಹತ್ತಿರದ ಮತ್ತು ಕೊನೆಯ ಮನೆಗಳ ಆರ್‌ಆರ್ ನಂಬರ್ ಹಾಗೂ ಅಳತೆಗಳ ಪಟ್ಟಿ ಲಗತ್ತಿಸಿದೆ. ದಯಮಾಡಿ ಮೂರೂ ಫೇಸ್‌ಗಳ ಲೋಡ್ ಪರಿಶೀಲಿಸಿ, ನಂತರ ಟ್ಯಾಪ್ ಒಂದು ಹೆಜ್ಜೆ ಬದಲಾಯಿಸಲು ಕೋರುತ್ತೇವೆ.” ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ಕೆಲಸ ಆಗದಿದ್ದರೆ ಹೆಸ್ಕಾಂನ ಗ್ರಾಹಕರ ಸಭೆ ಇದೆ, ಗ್ರಾಹಕರ ಕುಂದುಕೊರತೆ ವೇದಿಕೆ ಇದೆ. ಕೆಇಆರ್‌ಸಿ (ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ) ದರ ಪರಿಷ್ಕರಣೆಗೆ ನಡೆಸುವ ಸಾರ್ವಜನಿಕ ವಿಚಾರಣೆಯಲ್ಲೂ ಇದನ್ನು ಎತ್ತಬಹುದು.

ಮತ್ತೆ ಮತ್ತೆ ಹೇಳುತ್ತೇನೆ, ಟಿಸಿಯ ಟ್ಯಾಪ್ ನೀವು ಮುಟ್ಟಬೇಡಿ, ಊರಿನ ಧೈರ್ಯವಂತ ಹುಡುಗನಿಗೂ ಮುಟ್ಟಲು ಬಿಡಬೇಡಿ. ಎರಡೂ ಕಡೆಯ ಕರೆಂಟ್ ಪೂರ್ತಿ ತೆಗೆದ ಮೇಲೆ ಮಾತ್ರ ತಿರುಗಿಸುವ ಸ್ವಿಚ್ ಅದು. ಕರೆಂಟ್ ಇರುವಾಗ ತಿರುಗಿಸಿದರೆ ಟಿಸಿ ಒಳಗೇ ಕಿಡಿ ಹೊತ್ತುತ್ತದೆ.

ಚಾವಣಿ ಮೇಲೆ ಸೋಲಾರ್ ಹಾಕಿಸಿದವರು

2024ರಲ್ಲಿ ಪಿಎಂ ಸೂರ್ಯಘರ್ ಶುರುವಾದ ಮೇಲೆ ಚಾವಣಿ ಸೋಲಾರ್‌ಗೆ ಬೇಡಿಕೆ ಬಂದಿದೆ. ಮಧ್ಯಾಹ್ನ ಎಲ್ಲರ ಪ್ಯಾನೆಲ್ ಒಟ್ಟಿಗೆ ಕರೆಂಟ್ ಹೊರಗೆ ತಳ್ಳಿದರೆ ಲೈನಿನ ವೋಲ್ಟೇಜ್ ಏರುತ್ತದೆ. 253 ದಾಟಿದರೆ ಸೋಲಾರ್ ಇನ್ವರ್ಟರ್ ಲೈನ್‌ನಿಂದ ಕಳಚಿಕೊಳ್ಳಬೇಕು, ನಿಯಮವೇ ಹಾಗಿದೆ. ಟಿಸಿ ಮೊದಲೇ 250ರ ಹತ್ತಿರ ಇದ್ದರೆ ಒಳ್ಳೇ ಬಿಸಿಲಿನಲ್ಲೇ ಪ್ಯಾನೆಲ್ ಸುಮ್ಮನಾಗುತ್ತದೆ. ಆ್ಯಪ್‌ನಲ್ಲಿ ‘ಗ್ರಿಡ್ ಓವರ್ ವೋಲ್ಟೇಜ್’ ಅಂತ ಬಂದಿದ್ದರೆ ಆ ದಾಖಲೆಯನ್ನೂ ಅರ್ಜಿಗೆ ಲಗತ್ತಿಸಿ. ಟ್ಯಾಪ್ ಇಳಿದರೆ ನಿಮ್ಮ ಸೋಲಾರ್‌ಗೂ ಲಾಭ, ಬೀದಿಗೂ ಲಾಭ.

ಹಂತ 6: ಪಂಪ್‌ಸೆಟ್ ಇರುವ ರೈತರು

ಹೊಲದಲ್ಲಿ ವೋಲ್ಟೇಜ್ ಇಳಿಸುವ ಮಾತೇ ಇಲ್ಲ, ಎತ್ತುವ ಮಾತು. 400 ಇರಬೇಕಾದಲ್ಲಿ 320 ಬಂದರೆ ಮೋಟರ್ ಸ್ಟಾರ್ಟ್ ಆಗುವ ಬಲ ಶೇ 64ಕ್ಕೆ ಕುಸಿಯುತ್ತದೆ. ಓಡುತ್ತಿರುವ ಮೋಟರ್ ಜಾಸ್ತಿ ಆಂಪಿಯರ್ ಎಳೆದು ಕಾಯುತ್ತದೆ, ವೈಂಡಿಂಗ್ ಸುಡುತ್ತದೆ. 10 ಎಚ್‌ಪಿ ತನಕ ಕರೆಂಟ್ ಪುಕ್ಕಟೆ ಇರಬಹುದು, ರಿವೈಂಡಿಂಗ್ ಪುಕ್ಕಟೆ ಅಲ್ಲ.

ರೈತರ ಕೈಯಲ್ಲೇ ಇರುವ ಮದ್ದು ಕೆಪ್ಯಾಸಿಟರ್. ಮೋಟರ್ ಕೆಲಸಕ್ಕೆ ಬೇಕಾದ ಕರೆಂಟಿನ ಜೊತೆಗೆ ಕಾಂತಬಲ ಹುಟ್ಟಿಸಲು ಇನ್ನೊಂದಿಷ್ಟು ಎಳೆಯುತ್ತದೆ. ಆ ಕರೆಂಟ್ ಸಬ್‌ಸ್ಟೇಷನ್‌ನಿಂದ ಹೊಲದ ತನಕ ತಂತಿಯಲ್ಲಿ ಓಡಾಡುತ್ತಾ ವೋಲ್ಟೇಜ್ ತಿನ್ನುತ್ತದೆ. ಕೆಪ್ಯಾಸಿಟರ್ ಅದನ್ನು ಅಲ್ಲೇ ಪೂರೈಸುತ್ತದೆ. 5 ಎಚ್‌ಪಿಗೆ 2 ಕೆವಿಎಆರ್ (ಕೆಪ್ಯಾಸಿಟರ್‌ನ ಅಳತೆ), 7.5ಕ್ಕೆ 3, 10ಕ್ಕೆ 4 ರೂಢಿಯಲ್ಲಿರುವ ಅಳತೆ. ಸ್ಟಾರ್ಟರ್‌ನ ಮೋಟರ್ ಕಡೆಗೆ ಜೋಡಿಸಬೇಕು, ಮೋಟರ್ ನಿಂತಾಗ ಕೆಪ್ಯಾಸಿಟರ್ ಕೂಡ ಕಳಚಿಕೊಳ್ಳಬೇಕು. ಇಲ್ಲದಿದ್ದರೆ ಲೋಡ್ ಇಲ್ಲದ ಹೊತ್ತಿನಲ್ಲಿ ಅದೇ ವೋಲ್ಟೇಜ್ ಏರಿಸುತ್ತದೆ. ಒಬ್ಬರೇ ಹಾಕಿದರೆ ಹೆಚ್ಚೇನೂ ಕಾಣುವುದಿಲ್ಲ. ಒಂದು ಟಿಸಿಯ ಎಲ್ಲರೂ ಹಾಕಿದರೆ ಮುಳ್ಳು ಏರುವುದು ಕಣ್ಣಿಗೇ ಕಾಣುತ್ತದೆ.

ಇನ್ನು ಆಟೋ ಸ್ಟಾರ್ಟರ್. ತ್ರೀ ಫೇಸ್ ಬಂದ ಕ್ಷಣವೇ ಎಲ್ಲ ಮೋಟರ್ ಒಟ್ಟಿಗೆ ಏಳಲು ನೋಡುತ್ತವೆ, ವೋಲ್ಟೇಜ್ ಧಡ್ಡನೆ ಬೀಳುತ್ತದೆ, ಯಾವುದೂ ಸರಿಯಾಗಿ ಏಳುವುದಿಲ್ಲ. ಟೈಮರ್ ಇರುವ ಸ್ಟಾರ್ಟರ್ ತೆಗೆದುಕೊಂಡು ಒಬ್ಬರಿಗಿಂತ ಒಬ್ಬರು ಒಂದೆರಡು ನಿಮಿಷ ಹಿಂದೆಮುಂದೆ ಇಟ್ಟುಕೊಳ್ಳಿ. ಸಿಂಗಲ್ ಫೇಸ್ ಹೊತ್ತಿನಲ್ಲಿ ಕೆಪ್ಯಾಸಿಟರ್ ಹಚ್ಚಿ ತ್ರೀ ಫೇಸ್ ಮೋಟರ್ ಓಡಿಸುವ ರೂಢಿ ಬಿಡಲೇಬೇಕು. ಒಂದು ಫೇಸ್ ಮೇಲೆ ಬೀಳುವ ಆ ಹೊರೆ ಊರಿನ ಮನೆಗಳ ವೋಲ್ಟೇಜ್ ಎಳೆದು ಕೆಡವುತ್ತದೆ. ನಿರಂತರ ಜ್ಯೋತಿಯಲ್ಲಿ ಹೊಲದ ಫೀಡರ್, ಊರಿನ ಫೀಡರ್ ಬೇರೆ ಮಾಡಿದ ಕಡೆ ಈ ಕಾಟ ಕಡಿಮೆ. ಅಂಥ ಊರಿನ ಫೀಡರ್‌ಗಳೇ ವೋಲ್ಟೇಜ್ ಇಳಿಸಲು ಹೇಳಿ ಮಾಡಿಸಿದವು.

ಹಂತ 7: ಸ್ವಂತ ಟಿಸಿ ಇರುವವರು

ನನ್ನ ಪ್ರಕಾರ ಈ ಭಾಗದಲ್ಲಿ ಎಲ್ಲರಿಗಿಂತ ಮೊದಲು ಲಾಭ ಕಾಣುವವರು ಇವರೇ. ತಾರಿಹಾಳ, ಗೋಕುಲ ರಸ್ತೆ, ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಗಳು, ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್‌ಗಳು, ದೊಡ್ಡ ಆಸ್ಪತ್ರೆ, ಕಾಲೇಜುಗಳು. ಎಚ್‌ಟಿ (ಹೈ ಟೆನ್ಷನ್ ಲೈನಿನಿಂದ ನೇರ) ಸಂಪರ್ಕ ಇದ್ದರೆ ಟಿಸಿ ನಿಮ್ಮದು, ಟ್ಯಾಪ್ ನಿಮ್ಮದು, ಉಳಿದ ಯೂನಿಟ್ ಕೂಡ ನಿಮ್ಮ ಬಿಲ್ಲಿನಲ್ಲೇ ಕಾಣುತ್ತದೆ. ಕೊನೆಯ ಮನೆಯ ತಕರಾರು ಇಲ್ಲ, ಕೊನೆಯ ಮೋಟರ್ ಮಾತ್ರ ನೋಡಿಕೊಂಡರೆ ಸಾಕು.

ಪ್ಯಾನೆಲ್ ಮೀಟರ್‌ನಲ್ಲಿ ಒಂದು ವಾರ ಗಂಟೆಗೊಮ್ಮೆ ವೋಲ್ಟೇಜ್, ಆಂಪಿಯರ್, ಪವರ್ ಫ್ಯಾಕ್ಟರ್ (ಎಳೆದದ್ದರಲ್ಲಿ ನಿಜವಾಗಿ ಕೆಲಸಕ್ಕೆ ಬಂದ ಪಾಲು) ಬರೆಸಿ. ರಾತ್ರಿ ಪಾಳಿಯಲ್ಲಿ 435–440 ಇದ್ದು, ಪೂರ್ತಿ ಲೋಡ್‌ನಲ್ಲೂ 420ಕ್ಕಿಂತ ಕೆಳಗೆ ಬಾರದಿದ್ದರೆ ಟ್ಯಾಪ್ ಇಳಿಸಲು ಜಾಗ ಇದೆ. ಲೈಸೆನ್ಸ್ ಇರುವ ಕಂಟ್ರಾಕ್ಟರ್‌ನಿಂದ ರಜಾದಿನ ಮಾಡಿಸಿ. ಅರ್ಧ ಲೋಡ್‌ನಲ್ಲಿ ಓಡುವ ಮೋಟರ್‌ಗಳ ಕಾಂತ ಕರೆಂಟ್ ಇಳಿಯುವುದರಿಂದ ಪವರ್ ಫ್ಯಾಕ್ಟರ್ ಕೂಡ ಸುಧಾರಿಸುತ್ತದೆ. 0.90ಕ್ಕಿಂತ ಕೆಳಗಿಳಿದು ದಂಡ ಕಟ್ಟುತ್ತಿದ್ದವರಿಗೆ ಇದು ಎರಡನೇ ಲಾಭ. ಪೂರ್ತಿ ಲೋಡ್‌ನಲ್ಲೇ ಸದಾ ಓಡುವ ಮೋಟರ್ ಇದ್ದರೆ ಅದರ ಆಂಪಿಯರ್ ಮೇಲೆ ಕಣ್ಣಿಡಿ, ಅದು ಏರಿದರೆ ಇಳಿಸಿದ್ದು ಜಾಸ್ತಿಯಾಯಿತು ಎಂದರ್ಥ.

ಹಂತ 8: ಸಬ್‌ಸ್ಟೇಷನ್‌ನಲ್ಲಿ

ಇದು ನಮ್ಮ ಕೈಯಲ್ಲಿಲ್ಲ, ಆದರೆ ಗೊತ್ತಿದ್ದರೆ ಎಂಜಿನಿಯರ್ ಜೊತೆ ಮಾತಾಡಲು ಅನುಕೂಲ. ಬೀದಿಯ ಟಿಸಿಯ ಟ್ಯಾಪ್ ಒಮ್ಮೆ ಇಟ್ಟರೆ ಅಲ್ಲೇ ಇರುತ್ತದೆ. ಅದನ್ನು ತೀರಾ ಕೆಟ್ಟ ಗಂಟೆಗೆ ಸರಿಯಾಗುವಂತೆ ಇಡಬೇಕು, ಅದಕ್ಕೇ ಬೆಳಗಿನ 248 ಉಳಿದುಬಿಟ್ಟಿತು. ಸಬ್‌ಸ್ಟೇಷನ್‌ನ ದೊಡ್ಡ ಟ್ರಾನ್ಸ್‌ಫಾರ್ಮರ್‌ಗೆ ಲೋಡ್ ಇರುವಾಗಲೇ ಟ್ಯಾಪ್ ಬದಲಾಯಿಸುವ ವ್ಯವಸ್ಥೆ ಇರುತ್ತದೆ. ಬೆಳಗ್ಗೆ ಇಳಿಸಿ ಸಂಜೆ ಏರಿಸಬಹುದು. ಫೀಡರ್ ಕೊನೆಯ ಸ್ಮಾರ್ಟ್ ಮೀಟರ್‌ನಿಂದ ವೋಲ್ಟೇಜ್ ನೇರ ಸಬ್‌ಸ್ಟೇಷನ್‌ಗೆ ಬಂದರೆ ಇದನ್ನು ಯಂತ್ರವೇ ಮಾಡುತ್ತದೆ. ಕೊನೆಯಲ್ಲಿ 220 ಇರುವಷ್ಟು ಮಾತ್ರ ಮೇಲೆ ಇಡು ಅಂತ ಹೇಳಿಕೊಟ್ಟರೆ ಸಾಕು. ನಡುವೆ 11 ಕೆವಿ ಲೈನಿನಲ್ಲಿ ಕೆಪ್ಯಾಸಿಟರ್ ಬ್ಯಾಂಕ್ ಇಟ್ಟರೆ ಏರಿಳಿತ ಸಪಾಟಾಗುತ್ತದೆ, ಇನ್ನಷ್ಟು ಇಳಿಸಲು ಜಾಗ ಸಿಗುತ್ತದೆ.

ಯಾವ ಫೀಡರ್ ಮೊದಲು? ಗಿಡ್ಡ, ದಟ್ಟ ನಗರದ ಫೀಡರ್. ಕೇಶ್ವಾಪುರ, ವಿದ್ಯಾನಗರ, ಧಾರವಾಡದ ಸಪ್ತಾಪುರದಂಥ ಒತ್ತಾದ ಬಡಾವಣೆಗಳು. ಶಿರಹಟ್ಟಿ, ಹಿರೇಕೆರೂರು ಕಡೆಯ ಉದ್ದ ಹಳ್ಳಿ ಫೀಡರ್‌ಗಳು ಆಮೇಲೆ. ಕಂಪನಿಗೆ ಇಲ್ಲಿ ಒಂದು ತೊಡಕೂ ಇದೆ. ಯೂನಿಟ್ ಉಳಿದರೆ ಮಾರಾಟ ಇಳಿಯುತ್ತದೆ. ಆದರೆ ಪಂಪ್‌ಸೆಟ್‌ಗೂ ಮನೆಗೂ ಸರ್ಕಾರದ ಸಹಾಯಧನ ಓಡುತ್ತಿರುವ ರಾಜ್ಯದಲ್ಲಿ ಸಂಜೆಯ ತುಟ್ಟಿ ಯೂನಿಟ್ ಕೊಳ್ಳದೇ ಉಳಿಸುವುದು ಎಲ್ಲರ ಗಂಟಿಗೂ ಒಳ್ಳೆಯದು. ಈ ಮಾತನ್ನು ವಿಚಾರಣೆಗಳಲ್ಲಿ ಗ್ರಾಹಕರೇ ಎತ್ತಬೇಕು.

ಹಂತ 9: ಉಳಿದದ್ದು ನಿಜವೇ ಅಂತ ನೋಡುವುದು

ಹೋದ ತಿಂಗಳ ಬಿಲ್ ಪಕ್ಕ ಈ ತಿಂಗಳ ಬಿಲ್ ಇಟ್ಟರೆ ಏನೂ ಗೊತ್ತಾಗುವುದಿಲ್ಲ. ಮೇ ಹೋಗಿ ಜೂನ್ ಬಂದರೆ ಫ್ಯಾನ್ ತಾನಾಗೇ ನಿಲ್ಲುತ್ತದೆ. ಉಳಿತಾಯ ಶೇ 2, ಹವೆಯ ಏರಿಳಿತ ಅದರ ಹತ್ತು ಪಟ್ಟು. ಸಬ್‌ಸ್ಟೇಷನ್‌ನಲ್ಲಿ ಮಾಡುವವರು ಒಂದು ದಿನ ಇಳಿಸಿ, ಒಂದು ದಿನ ಮೊದಲಿನಂತೆ ಬಿಟ್ಟು, ಹೀಗೆ ದಿನ ಬಿಟ್ಟು ದಿನ ಕೆಲವು ವಾರ ನಡೆಸಿ ಹೋಲಿಸುತ್ತಾರೆ. ಕಾರ್ಖಾನೆಯವರು ಒಂದು ಟನ್ ಮಾಲಿಗೆ ಎಷ್ಟು ಯೂನಿಟ್ ಎಂದು ನೋಡಿ. ಕೋಲ್ಡ್ ಸ್ಟೋರೇಜ್‌ನವರು ಹೊರಗಿನ ಬಿಸಿಲು ಒಂದೇ ಥರ ಇದ್ದ ದಿನಗಳನ್ನು ಮಾತ್ರ ಜೋಡಿ ಮಾಡಿ. ಬಡಾವಣೆಯಲ್ಲಿ ಟಿಸಿಗೆ ಹಾಕಿದ ಮೀಟರ್ ಇದ್ದರೆ ಅದರ ರೀಡಿಂಗ್ ಕೇಳಿ ಪಡೆಯಿರಿ, ಅದಿಲ್ಲದೇ ಮನೆ ಬಿಲ್ಲುಗಳಲ್ಲಿ ಶೇ 2 ಹುಡುಕುವುದು ವ್ಯರ್ಥ ಕಸರತ್ತು.

ಟ್ಯಾಪ್ ಬದಲಾದ ಮೇಲೆ ಕೊನೆಯ ಮನೆಯ ನೋಟ್‌ಬುಕ್ ನಿಲ್ಲಿಸಬೇಡಿ. ಮಳೆಗಾಲದಲ್ಲಿ ಇಳಿಸಿದ್ದು ಏಪ್ರಿಲ್ ಸಂಜೆಗೆ ಸಾಲದೇ ಹೋಗಬಹುದು. ಆ ಮನೆಯಲ್ಲಿ ಒಂದು ವಾರ ರಾತ್ರಿ 8ಕ್ಕೆ 216ಕ್ಕಿಂತ ಕಡಿಮೆ ಬಂದರೆ ಫೇಸ್‌ಗಳ ಲೋಡ್ ಮತ್ತೊಮ್ಮೆ ನೋಡಿಸಿ. ಯಾರಾದರೂ ಹೊಸ ಎಸಿ ಹಾಕಿಸಿರುತ್ತಾರೆ. ಅದರಿಂದಲೂ ಸರಿಹೋಗದಿದ್ದರೆ ಟ್ಯಾಪ್ ಹಿಂದಿನ ಜಾಗಕ್ಕೆ ಒಯ್ಯಲು ಅದೇ ಆಫೀಸಿಗೆ, ಅದೇ ಪಟ್ಟಿ ಹಿಡಿದು ಹೋಗಬೇಕು.